ಒಂದು ತೆಳು ಗೆರೆಯ ಬೆನ್ನು ಹತ್ತಿ ಚಿಲಿಗೆ

ಮಲ್ಕಾಜ್‌ಗಿರಿ

ನಾನು ಚಿಲಿ ದೇಶಕ್ಕೆ ಹೊರಟ ಸುದ್ದಿ ಕಿವಿಗೆ ಬಿದ್ದ ಕೂಡಲೇ ಪಕ್ಕದ ಮನೆಯ ಸುಜಾತಾ ಆಂಟಿ ಕೇಳಿದ ಮೊದಲ ಪ್ರಶ್ನೆ: ‘ಜಾವಾನಾ, ಮೇನ್‌ಫ್ರೇಮಾ?’

ಅವರದು ತಪ್ಪಲ್ಲ. ಆಗಿನ ಹೈದರಾಬಾದಿನಲ್ಲಿ ವೀಸಾ ಎಂದರೆ ಸಾಫ್ಟ್‌ವೇರ್, ಸಾಫ್ಟ್‌ವೇರ್ ಎಂದರೆ ಅಮೆರಿಕ. ಅಮೀರ್‌ಪೇಟೆಯ ಗೋಡೆಗಳಲ್ಲಿ ಸುಣ್ಣ ಕಾಣದಷ್ಟು ಕೋಚಿಂಗ್ ಸೆಂಟರುಗಳ ಬೋರ್ಡು. ನಮ್ಮ ಬೀದಿಯ ರೈಲ್ವೆ ನೌಕರರ ಮಕ್ಕಳೆಲ್ಲ ಬೆಳಗಾದರೆ ಅಲ್ಲಿಗೆ ಓಡುತ್ತಿದ್ದರು. ನಾನೊಬ್ಬಳು ಮಾತ್ರ ಮೂವತ್ತರ ಹತ್ತಿರ ಬಂದರೂ ವಿಶ್ವವಿದ್ಯಾಲಯದ ಬಸ್ಸು ಹತ್ತಿ ನಕ್ಷತ್ರಗಳ ಸಂಶೋಧನೆ ಎಂದು ಓಡಾಡುತ್ತಿದ್ದವಳು. ಜಾವಾ ಅಲ್ಲ, ಟೆಲಿಸ್ಕೋಪಿನ ಕೆಲಸ ಎಂದು ಆಂಟಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿದೆ. ಅವರು ನನ್ನ ಕೈ ಹಿಡಿದು ಸಮಾಧಾನ ಮಾಡಿದರು. ಪರವಾಗಿಲ್ಲ, ಅಲ್ಲಿಂದ ಅಮೆರಿಕ ಹತ್ತಿರವಂತೆ, ಒಂದು ಪ್ರಯತ್ನ ಮಾಡಿ ನೋಡು ಎಂದರು.

ಓದುಗರೂ ಆಂಟಿಯ ಹಾಗೆ ಮರುಗಬಾರದೆಂದು ನನ್ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಹರಡಿದರೆ ಸಿಗುವ ಬಣ್ಣದ ಪಟ್ಟಿಗೆ ರೋಹಿತ ಎಂದು ಹೆಸರು. ಆ ಪಟ್ಟಿಯಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಅಷ್ಟು ಬೆಳಕನ್ನು ಯಾರೋ ನುಂಗಿದ್ದಾರೆ ಎಂಬುದರ ಗುರುತು ಅದು. ನಕ್ಷತ್ರ ನಕ್ಷತ್ರಗಳ ನಡುವಿನ ಜಾಗ ಬರಿದಲ್ಲ, ಅಲ್ಲಿ ಅನಿಲ ಮತ್ತು ಧೂಳಿನ ಮೋಡಗಳಿವೆ. ದಾರಿಯಲ್ಲಿ ಅವೂ ಸ್ವಲ್ಪ ನುಂಗುತ್ತವೆ. ಹಾಗೆ ನುಂಗಿದ್ದನ್ನು ಅಳೆಯುವುದೇ ನನ್ನ ಕಸುಬು. ಅದಕ್ಕೆ ತುಂಬ ಬಿಸಿಯಾದ ನಕ್ಷತ್ರಗಳೇ ಬೇಕು, ಯಾಕೆಂದರೆ ಅವಕ್ಕೆ ಸ್ವಂತದ ಗೆರೆಗಳು ಕಡಿಮೆ. ಒಗೆದು ಒಣಹಾಕಿದ ಬಿಳಿ ಪಂಚೆಯಂತೆ, ಎಲ್ಲಿ ಸಣ್ಣ ಕಲೆ ತಾಗಿದರೂ ಎದ್ದು ಕಾಣುತ್ತದೆ.

ಬೇಟೆಗಾರನಂತೆ ಕಾಣುವ ಮಹಾವ್ಯಾಧ ನಕ್ಷತ್ರಪುಂಜದ ಪಕ್ಕದ ಅಂಥ ಒಂದು ಬಿಸಿ ನಕ್ಷತ್ರದಲ್ಲಿ, ರೋಹಿತದ ಕೆಂಪು ಕೊನೆಯ ಕಡೆ, ಯಾರ ಪಟ್ಟಿಯಲ್ಲೂ ಇಲ್ಲದ ಒಂದು ತೆಳು ಗೆರೆ ನಾಲ್ಕು ವರ್ಷದ ಹಿಂದೆ ನನ್ನ ಕಣ್ಣಿಗೆ ಬಿದ್ದಿತ್ತು. ಊರಾಚೆಯ ಗುಡ್ಡದ ಮೇಲಿನ ನಮ್ಮ ಹಳೆಯ ಟೆಲಿಸ್ಕೋಪಿನಿಂದ ಚಳಿಗಾಲ ಬಂದಾಗಲೆಲ್ಲ ಅದನ್ನು ಹಿಡಿದಿದ್ದೆ. ಅದು ಮೋಡದ ಗೆರೆ ಎಂದು ನನ್ನ ನಂಬಿಕೆ. ಅಲ್ಲ, ನಮ್ಮ ಗಾಳಿಯೊಳಗಿನ ನೀರಾವಿಯ ಗೆರೆ ಎಂದು ನನ್ನ ಗೈಡ್ ಪಾಟೀಲ ಸರ್ ಅವರ ಅನುಮಾನ. ನೀರಾವಿಯ ಗೆರೆಗಳು ಆ ಜಾಗದಲ್ಲಿ ಸಂತೆ ನೆರೆದಂತೆ ಇರುವುದು ನಿಜವೇ.

ಪಾಟೀಲ ಸರ್ ಬಾಗಲಕೋಟೆ ಕಡೆಯವರು. ಹಿಮಾಯತ್‌ನಗರದಿಂದ ಹಳೇ ಸ್ಕೂಟರಿನಲ್ಲಿ ಬರುತ್ತಿದ್ದರು, ವಿದ್ಯಾರ್ಥಿಗಳನ್ನೂ ‘ರೀ’ ಹಚ್ಚಿಯೇ ಕರೆಯುತ್ತಿದ್ದರು. ಅವರ ಕೋಣೆಯಲ್ಲಿ ಒಂದು ಕಟ್ಟುಪಾಡಿತ್ತು. ಯಾವ ಗೆರೆಯನ್ನೇ ಆಗಲಿ ಇಬ್ಬರು ಅಳೆಯಬೇಕು, ಬೇರೆ ಬೇರೆ ಕೂತು ಅಳೆಯಬೇಕು, ಚೀಟಿಯಲ್ಲಿ ಬರೆದು ಮಡಚಿಡಬೇಕು. ಎರಡೂ ಚೀಟಿ ಮೇಜಿನ ಮೇಲೆ ಬರುವ ತನಕ ಒಬ್ಬರ ಅಳತೆಯನ್ನು ಇನ್ನೊಬ್ಬರು ಕೇಳುವಂತಿಲ್ಲ, ಮುಖ ನೋಡಿ ಊಹಿಸುವಂತೆಯೂ ಇಲ್ಲ. ನನ್ನ ಆ ಗೆರೆಯನ್ನು ಸರ್ ಮಾತ್ರ ಎಂದೂ ಅಳೆಯಲಿಲ್ಲ. ಇನ್ನೊಬ್ಬ ವಿದ್ಯಾರ್ಥಿಯಿಂದ ಅಳೆಸಿ, ನನ್ನ ನೋಟುಬುಕ್ಕಿನಲ್ಲಿ ಅದರ ಮುಂದೆ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೊಟ್ಟರು. ನಾಲ್ಕು ವರ್ಷ ಆ ಚಿಹ್ನೆ ನೋಡಿ ನೋಡಿ ನನ್ನ ಹೊಟ್ಟೆ ಉರಿದಿದೆ.

ಇತ್ಯರ್ಥಕ್ಕೆ ಇದ್ದದ್ದು ಒಂದೇ ದಾರಿ. ಗಾಳಿ ಒಣಗಿದ ಜಾಗಕ್ಕೆ ಹೋಗಿ ಅದೇ ನಕ್ಷತ್ರವನ್ನು ನೋಡಬೇಕು. ಗೆರೆ ಅಲ್ಲೂ ಇದ್ದರೆ ಅದು ಮೋಡದ್ದು, ಇಲ್ಲದಿದ್ದರೆ ನನ್ನ ಪ್ರಬಂಧದ ಅರ್ಧ ಭಾಗ ರದ್ದಿಗೆ. ಅರ್ಜಿ ಮೇಲೆ ಅರ್ಜಿ ಹಾಕಿದ ಮೇಲೆ ಚಿಲಿಯ ಒಂದು ಬೆಟ್ಟದ ಮೇಲಿನ ಟೆಲಿಸ್ಕೋಪಿನಲ್ಲಿ ಎರಡು ರಾತ್ರಿ ಸಿಕ್ಕಿತು. ಹೊರಡುವ ಮುನ್ನ ಸರ್ ಹೇಳಿದ್ದು ಇಷ್ಟೇ:

‘ಗೆರಿ ಇಲ್ಲಂದ್ರ ಇಲ್ಲಂತ ಹೇಳಾಕ ಅಂಜಬ್ಯಾಡ್ರಿ. ಇಲ್ಲ ಅನ್ನೂದೂ ಒಂದು ಅಳತೀನ.’

ಇಂಥ ಆಶೀರ್ವಾದ ಕೇಳಿಸಿಕೊಂಡು ಯಾರು ತಾನೆ ಖುಷಿಯಿಂದ ವಿಮಾನ ಹತ್ತುತ್ತಾರೆ! ಅವ್ವ ಮಾತ್ರ ಕಡಕ್ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಹಿಂಡಿಯ ಡಬ್ಬಿ ಕಟ್ಟಿಕೊಟ್ಟು, ನಾನು ಬೇಡವೆಂದರೂ ಕೈಚೀಲದಲ್ಲಿ ಒಂದು ನಿಂಬೆಹಣ್ಣು ಹಾಕಿದಳು.

‘ಹಾದ್ಯಾಗ ಯಾರದರ ದೃಷ್ಟಿ ತಾಗಿದ್ರ? ಸುಮ್ನ ಇಟಗೋ. ನಿನಗೇನ ಭಾರ ಆಕ್ಕೈತಿ?’

ಸ್ಯಾಂಟಿಯಾಗೊ

ಭಾರವಾಯಿತು. ಎರಡು ದಿನ ಮೂರು ವಿಮಾನ ಬದಲಿಸಿ ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಇಳಿದಾಗ ನನ್ನ ಕಾಲು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಆ ದೇಶದವರಿಗೆ ಹೊರಗಿನ ಹಣ್ಣು, ಬೀಜ, ಎಲೆ ಎಂದರೆ ಜೀವಭಯ. ಹುಳ ಬಂದು ತಮ್ಮ ದ್ರಾಕ್ಷಿ ತೋಟ ತಿಂದೀತೆಂಬ ಚಿಂತೆ. ಕಸ್ಟಮ್ಸ್ ತಪಾಸಣೆಯ ಸಾಲಿನ ಉದ್ದಕ್ಕೂ ಒಂದು ಕಂದು ನಾಯಿ ಓಡಾಡುತ್ತಿತ್ತು. ಅದು ಎಲ್ಲರನ್ನೂ ಬಿಟ್ಟು ನನ್ನ ಕೈಚೀಲದ ಮುಂದೆ ಬಂದು, ಹಬ್ಬದ ಊಟಕ್ಕೆ ಕೂತಂತೆ ಕುಳಿತುಬಿಟ್ಟಿತು.

ಅಧಿಕಾರಿ ಚೀಲದಿಂದ ನಿಂಬೆಹಣ್ಣನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ. ಇದನ್ನು ಯಾಕೆ ತಂದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ದೃಷ್ಟಿ ಎಂಬುದನ್ನು ಪರದೇಶದ ಸರ್ಕಾರಿ ನೌಕರನಿಗೆ ವಿವರಿಸುವ ಕಷ್ಟ ನನ್ನ ಶತ್ರುವಿಗೂ ಬೇಡ. ‘ಅಮ್ಮ ಇಟ್ಟದ್ದು’ ಎಂದೆ. ಅವನ ಮುಖ ತಕ್ಷಣ ಬದಲಾಯಿತು. ‘ಓ, ಅಮ್ಮ!’ ಎಂದು ತಲೆಯಾಡಿಸಿದ. ದಂಡ ಹಾಕಬೇಕಾದವನು ಹಣ್ಣನ್ನು ಕಸದ ಬುಟ್ಟಿಗೆ ಹಾಕಿ, ಎಚ್ಚರಿಕೆ ಕೊಟ್ಟು ಬಿಟ್ಟ. ಆದರೂ ಒಂದು ನಿಂಬೆಹಣ್ಣಿಗೆ ಮೂರು ಫಾರಂ ತುಂಬಿಸಿ, ಮೂರಕ್ಕೂ ನನ್ನ ಸಹಿ ಹಾಕಿಸಿಕೊಂಡ. ನಾಂಪಲ್ಲಿಯ ಸರ್ಕಾರಿ ಕಚೇರಿಗಳಲ್ಲಿ ಸಾಲು ನಿಂತು ಬೆಳೆದ ನನಗೆ ಈ ಭಾಗ ಮಾತ್ರ ತವರಿನಂತೆ ಅನ್ನಿಸಿತು.

ಆಮೇಲೆ ರೊಟ್ಟಿಯ ಸರದಿ. ಒಂದನ್ನು ಬೆಳಕಿಗೆ ಹಿಡಿದ, ಬೆರಳಿನಿಂದ ಬಡಿದ, ಕೊನೆಗೆ ಚಟ್ಟನೆ ಮುರಿದ. ಬೇಯಿಸಿದ್ದು, ಒಣಗಿದ್ದು, ಬೀಜವಿಲ್ಲ. ಪಾಸ್. ಹೋಗುವಾಗ ಮುರಿದ ಚೂರನ್ನು ಬಾಯಿಗೆ ಹಾಕಿಕೊಳ್ಳಲೇ ಎಂದು ಕಣ್ಣಲ್ಲೇ ಕೇಳಿದ. ತಗೊಳ್ಳಪ್ಪ ಎಂದು ಕನ್ನಡದಲ್ಲೇ ಹೇಳಿದೆ.

ಲಾ ಸೆರೆನಾ

ಇದು ಸಮುದ್ರದ ದಂಡೆಯ ಸಣ್ಣ ಊರು. ಇಲ್ಲಿಂದ ಬೆಟ್ಟಕ್ಕೆ ಮರುದಿನ ಗಾಡಿ. ನನ್ನನ್ನು ಎದುರುಗೊಳ್ಳಲು ಬಂದಿದ್ದವರು ಡಾನ್ ಎರ್ನಾನ್, ಟೆಲಿಸ್ಕೋಪ್ ನಡೆಸುವ ಆಪರೇಟರ್. ಡಾನ್ ಎಂದರೆ ಗಾಬರಿಯಾಗಬೇಡಿ, ಅದು ನಮ್ಮ ‘ಸಾಹೇಬರು’ ಇದ್ದಂತೆ ಮರ್ಯಾದೆಯ ಮಾತು. ಅರವತ್ತರ ಹತ್ತಿರದ ಕುಳ್ಳ ಮನುಷ್ಯ, ಅಲ್ಲಿ ಆಗ ಬೇಸಿಗೆಯಾದರೂ ಉಣ್ಣೆಯ ಟೊಪ್ಪಿಗೆ, ಗಾಳಿಗೆ ಒಡೆದ ಕೆನ್ನೆ. ಇಪ್ಪತ್ತೈದು ವರ್ಷದಿಂದ ಊರೂರಿನ ವಿಜ್ಞಾನಿಗಳಿಗೆ ಆಕಾಶ ತೋರಿಸಿದವರು. ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಹೇಳಬೇಕಾದದ್ದನ್ನು ಹೇಳದೆ ಬಿಡುವವರಲ್ಲ.

ಅವರು ನನ್ನನ್ನು ವಸತಿಗೃಹಕ್ಕೆ ಬಿಡುವ ಬದಲು ನೇರ ತಮ್ಮ ಮನೆಗೇ ಕರೆದುಕೊಂಡು ಹೋದರು. ಅಲ್ಲಿಯ ಜನ ರಾತ್ರಿ ಊಟದ ಗೋಜಿಗೆ ಹೆಚ್ಚು ಹೋಗುವುದಿಲ್ಲ. ಸಂಜೆ ಚಹಾ, ಬ್ರೆಡ್ಡು, ಅದಕ್ಕೆ ಬೆಣ್ಣೆಹಣ್ಣನ್ನು ಉಪ್ಪು ಹಾಕಿ ಕಿವುಚಿದ ಪಚ್ಚಡಿ, ಜೊತೆಗೆ ಎರಡು ತಾಸು ಮಾತು. ಅವರ ಹೆಂಡತಿ ರೋಸಾ ಬಾಗಿಲಲ್ಲೇ ನನ್ನ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಟ್ಟರು. ಅಲ್ಲಿ ಅದು ನಮಸ್ಕಾರ ಅಷ್ಟೆ. ನಾನು ನಮಸ್ಕಾರಕ್ಕೆಂದು ಎತ್ತಿದ ಕೈ ಅವರ ಕನ್ನಡಕಕ್ಕೆ ಬಡಿದು, ಕನ್ನಡಕ ಹೂಕುಂಡದಲ್ಲಿ ಬಿತ್ತು. ರೋಸಾ ಹೊಟ್ಟೆ ಹಿಡಿದುಕೊಂಡು ನಕ್ಕರು.

ಚಿಲಿಯವರು ಯಾವ ಮಾತಿನ ಕೊನೆಗೂ ಒಂದು ‘ಪೊ’ ಸೇರಿಸುತ್ತಾರೆ. ಹೌದು ಪೊ, ಇಲ್ಲ ಪೊ, ಬಾ ಪೊ. ಅರ್ಥವೇನೆಂದು ಕೇಳಿದರೆ ಅರ್ಥವೇನೂ ಇಲ್ಲ, ಅದಿಲ್ಲದಿದ್ದರೆ ಮಾತು ಬಿರುಸಾಗಿ ಕೇಳಿಸುತ್ತದೆ ಎಂದರು. ನಮ್ಮ ಮನೆಯ ‘ರೀ’ ನೆನಪಾಯಿತು. ಅದನ್ನು ಹೇಳಿಕೊಟ್ಟೆ. ಆಮೇಲೆ ಡಾನ್ ಎರ್ನಾನ್ ನನ್ನನ್ನು ‘ಶೈಲಾ ರೀ’ ಎಂದೇ ಕರೆದರು.

ಎರಡನೇ ಕಪ್ ಚಹಾ ಹಿಡಿದಿದ್ದಾಗ ಮೇಜು ನಡುಗಿತು. ಕಪಾಟಿನ ಗಾಜಿನ ಲೋಟಗಳು ಕಿಣಿಕಿಣಿ ಎಂದವು, ದೀಪ ತೂಗಾಡಿತು. ಭೂಕಂಪ! ನಾನು ಚಹಾ ಚೆಲ್ಲಿ ಬಾಗಿಲ ಕಡೆ ಹಾರಿದೆ. ಹಿಂದಿರುಗಿ ನೋಡಿದರೆ ಗಂಡಹೆಂಡತಿ ತಂತಮ್ಮ ಕಪ್ ಮೇಲೆ ಅಂಗೈ ಮುಚ್ಚಿಕೊಂಡು, ಯಾರದೋ ಮದುವೆಯ ಮಾತು ಮುಂದುವರಿಸಿದ್ದರು. ನೆಲ ನಿಂತ ಮೇಲೆ ರೋಸಾ ನನ್ನ ಕಪ್ಪಿಗೆ ಮತ್ತೆ ಚಹಾ ಹಾಕಿ, ಅಂಗೈ ಮುಚ್ಚುವುದು ಹೇಗೆಂದು ಕಲಿಸಿದರು. ನಾವು ಕರೆಂಟು ಹೋದಾಗ ಮೇಣದಬತ್ತಿ ಹುಡುಕುವಷ್ಟು ಗಡಿಬಿಡಿಯೂ ಅವರಲ್ಲಿರಲಿಲ್ಲ.

ಬೆಟ್ಟದ ಮೇಲೆ, ಮೊದಲ ರಾತ್ರಿ

ಬೆಟ್ಟದಲ್ಲಿ ಹುಲ್ಲುಕಡ್ಡಿಯೂ ಇಲ್ಲ. ಗಾಳಿ ಎಷ್ಟು ಒಣ ಎಂದರೆ ಬೆಳಿಗ್ಗೆ ಒಗೆದ ಕುರ್ತಾ ಚಹಾ ಕುಡಿದು ಬರುವಷ್ಟರಲ್ಲಿ ಒಣಗಿ ಸೆಟೆದು ನಿಂತಿತ್ತು. ತುಟಿ ಬಿರಿಯಿತು. ಆದರೂ ಖುಷಿಯಾಯಿತು, ಇಂಥ ಗಾಳಿಗೇ ಅಲ್ಲವೇ ಇಷ್ಟು ದೂರ ಬಂದದ್ದು.

ಕತ್ತಲಾದ ಮೇಲೆ ಹೊರಗೆ ನಿಂತು ಆಕಾಶ ನೋಡಿದೆ. ನಮ್ಮ ಮಹಾವ್ಯಾಧ ಇಲ್ಲಿ ತಲೆಕೆಳಗಾಗಿ, ಕಾಲು ಮೇಲೆ ಮಾಡಿಕೊಂಡು ನಿಂತಿದ್ದ! ಹುಟ್ಟಿದಂದಿನಿಂದ ನೆಟ್ಟಗೆ ನೋಡಿದ ಮನುಷ್ಯನನ್ನು ಹಾಗೆ ನೋಡಿ ಒಬ್ಬಳೇ ನಕ್ಕೆ. ಅವ್ವನಿಗೆ ಬರೆದ ಕಾಗದದಲ್ಲಿ ಅದನ್ನೂ ಸೇರಿಸಿದೆ. ಭೂಮಿಯ ದಕ್ಷಿಣಕ್ಕೆ ಹೋದರೆ ಎಲ್ಲ ಅದಲುಬದಲು, ಮೇಲಿದ್ದದ್ದು ಕೆಳಗೆ, ಬಲಕ್ಕಿದ್ದದ್ದು ಎಡಕ್ಕೆ. ಇಷ್ಟೆಲ್ಲ ತಿಳಿದು, ಬರೆದು, ನಕ್ಕು ಒಳಗೆ ಹೋದವಳು ನಾನು. ಇದನ್ನು ದಯವಿಟ್ಟು ನೆನಪಿಡಿ.

ಕೆಲಸದ ಕೋಣೆಯ ಕಿಟಕಿಗಳಿಗೆ ದಪ್ಪ ಕಪ್ಪು ಪರದೆ. ಒಂದು ಎಳೆ ಬೆಳಕು ಹೊರಗೆ ಹೋದರೂ ಬೆಟ್ಟದವರೆಲ್ಲ ಜಗಳಕ್ಕೆ ಬರುತ್ತಾರೆ. ನಮ್ಮ ಊರಿನಲ್ಲಿ ಇದು ಉಲ್ಟಾ. ಹೈಟೆಕ್ ಸಿಟಿಯ ಕಡೆಗೆ ಹೊಸ ರಸ್ತೆ ಬಿದ್ದಂತೆಲ್ಲ ಹಳದಿ ಸೋಡಿಯಂ ದೀಪಗಳು ಹೆಚ್ಚಿ, ಗುಡ್ಡದ ಮೇಲಿನ ನಮ್ಮ ರೋಹಿತದ ತನಕ ಬಂದುಬಿಟ್ಟಿದ್ದವು. ನಕ್ಷತ್ರಗಳ ನಡುವಿನ ಮೋಡದಲ್ಲೂ ಸೋಡಿಯಂ ಇದೆ, ಅದರ ಕಪ್ಪು ಗೆರೆ ಬೀಳುವ ಜಾಗದಲ್ಲೇ ನಮ್ಮ ಬೀದಿದೀಪ ಝಗ್ಗೆಂದು ಹೊಳೆಯುತ್ತಿತ್ತು. ಹೀಗಾಗಿ ಹೈದರಾಬಾದಿನ ನಾವೆಲ್ಲ ರೋಹಿತದ ಆ ಭಾಗ ನೋಡುವುದನ್ನೇ ಬಿಟ್ಟಿದ್ದೆವು. ಕಣ್ಣು ತಾನಾಗಿಯೇ ಅದನ್ನು ದಾಟಿ ಮುಂದೆ ಹೋಗುತ್ತಿತ್ತು.

ನನ್ನ ನಕ್ಷತ್ರದ ಪಕ್ಕದಲ್ಲೇ ಹೆಚ್ಚುಕಡಿಮೆ ಅಷ್ಟೇ ಹೊಳಪಿನ ಇನ್ನೊಂದಿದೆ. ನಾನು ಊರಿನಿಂದ ಕೈಯಲ್ಲೇ ಬಿಡಿಸಿ ತಂದಿದ್ದ ನಕ್ಷೆಯಲ್ಲಿ ಎರಡೂ ಇದ್ದವು, ಬಲಗಡೆಯದಕ್ಕೆ ಕೆಂಪು ಬಾಣ. ಟಿವಿ ಪರದೆಯ ಮೇಲೆ ಎರಡು ಚುಕ್ಕೆ ಮೂಡಿದವು. ‘ಬಲಗಡೆಯದು’ ಎಂದು ಜಂಬದಿಂದ ಹೇಳಿದೆ. ಡಾನ್ ಎರ್ನಾನ್ ಬಲಗಡೆಯದನ್ನು ಹಿಡಿದುಕೊಟ್ಟರು.

ಕೆಲಸ ಸಾಗುತ್ತಿರುವಾಗ ಅವರಿಗೆ ನಮ್ಮ ಸರ್ ಕೋಣೆಯ ಚೀಟಿಯ ಕಟ್ಟುಪಾಡು ಹೇಳಿದೆ. ಗೆರೆಯ ಎರಡು ಬದಿಗೆ ಗುರುತಿಟ್ಟು ಅದು ಎಷ್ಟು ಬೆಳಕು ನುಂಗಿದೆ ಎಂದು ಅಳೆಯುವುದು ಅವರಿಗೆ ಗೊತ್ತೇ ಇತ್ತು. ಅವರಿಗೆ ಈ ಆಟ ಭಾರೀ ಇಷ್ಟವಾಯಿತು. ಇಪ್ಪತ್ತೈದು ವರ್ಷದಲ್ಲಿ ನೀನು ಅಳೆ ಎಂದು ಯಾರೂ ನನಗೆ ಹೇಳಿಲ್ಲ ಎಂದರು. ನನ್ನ ನಕ್ಷತ್ರ ದೊಡ್ಡ ಮೋಡವೊಂದರ ಹಿಂದಿದೆ ಎಂದಷ್ಟೇ ಹೇಳಿದೆ, ಯಾವ ಗೆರೆ ಎಂದು ಹೇಳಲಿಲ್ಲ. ಕಂಡದ್ದನ್ನೆಲ್ಲ ಅಳೆದು ಬರೆಯಿರಿ ಎಂದೆ.

ಬೆಳಗಿನ ಜಾವ ನಾನು ನನ್ನ ಮೂಲೆಯಲ್ಲಿ ಕೂತು ರೋಹಿತವನ್ನು ತೆರೆದೆ. ನೀರಾವಿಯ ಗೆರೆಗಳ ಸಂತೆ ಚೆದುರಿ, ನೆಲ ಗುಡಿಸಿದಂತೆ ಸ್ವಚ್ಛವಾಗಿತ್ತು. ನನ್ನ ಗೆರೆ ಇರಬೇಕಾದ ಜಾಗಕ್ಕೆ ಹೋದೆ.

ಏನೂ ಇರಲಿಲ್ಲ.

ಮತ್ತೆ ನೋಡಿದೆ, ದೊಡ್ಡದು ಮಾಡಿ ನೋಡಿದೆ. ಇಸ್ತ್ರಿ ಹಾಕಿದಂತೆ ಸಪಾಟು. ನಾಲ್ಕು ವರ್ಷ ನಾನು ಅಳೆದದ್ದು ಹೈದರಾಬಾದಿನ ಬೆವರನ್ನು. ಚೀಟಿಯ ಮೇಲೆ ‘ಸೊನ್ನೆ’ ಎಂದು ಬರೆದು ಮಡಚಿದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಶೇಂಗಾ ಹಿಂಡಿಯ ಡಬ್ಬಿ ತೆರೆದು, ಅದರ ವಾಸನೆಗೆ ಗಳಗಳ ಅತ್ತೆ.

ಮರುದಿನ

ರಾತ್ರಿಯೆಲ್ಲ ಎಚ್ಚರವಿರುವ ಬೆಟ್ಟದವರಿಗೆ ಮಧ್ಯಾಹ್ನ ಎರಡು ಗಂಟೆಗೆ ತಿಂಡಿ. ಡಾನ್ ಎರ್ನಾನ್ ನನ್ನ ರೊಟ್ಟಿಯ ಮೇಲೆ ಬೆಣ್ಣೆಹಣ್ಣು ಸವರಿಕೊಂಡು ತಿನ್ನುತ್ತಿದ್ದರು. ಊದಿದ ನನ್ನ ಕಣ್ಣು ನೋಡಿಯೂ ಏನೂ ಕೇಳಲಿಲ್ಲ. ಕಟ್ಟುಪಾಡಿನಂತೆ ಮುಖ ನೋಡಿ ಊಹಿಸಬಾರದಲ್ಲ, ಹಾಗಾಗಿ ಅವರು ಗೋಡೆ ನೋಡುತ್ತ ಕೂತಿದ್ದರು. ಚೀಟಿಗಳನ್ನು ಮೇಜಿನ ಮೇಲಿಟ್ಟೆವು.

ನನ್ನದರಲ್ಲಿ ಒಂದು ಸೊನ್ನೆ. ಅವರದರಲ್ಲಿ ಒಂದು ಪುಟ ತುಂಬ ಸಾಲುಗಳು. ಕಂಡ ಗೆರೆಯನ್ನೆಲ್ಲ ಅಳೆದಿದ್ದರು, ಅದೂ ಎರಡೆರಡು ಸಲ. ಕೊನೆಯ ಸಾಲಿನ ಕೆಳಗೆ ಎರಡು ಗೀಟು ಎಳೆದಿದ್ದರು.

‘ಶೈಲಾ ರೀ, ನಿಮ್ಮ ನಕ್ಷತ್ರ ದೊಡ್ಡ ಮೋಡದ ಹಿಂದೆ ಇದೆ ಅಂದಿರಿ, ಅಲ್ಲವೇ?’

‘ಹೌದು.’

‘ಮತ್ತೆ ಅದರ ಸೋಡಿಯಂ ಎಲ್ಲಿ?’

ಅವರ ಚೀಟಿಯನ್ನು ನನ್ನ ಕಡೆ ಎಳೆದುಕೊಂಡೆ. ಮೋಡದ ಹಿಂದಿನ ನಕ್ಷತ್ರವಾದರೆ ಸೋಡಿಯಂ ಗೆರೆ ಕಡು ಕಪ್ಪಗೆ, ಆಳವಾಗಿ ಇರಲೇಬೇಕು. ಅವರ ಚೀಟಿಯಲ್ಲಿ ಅದರ ಅಳತೆ ಇದ್ದೂ ಇಲ್ಲದಷ್ಟು. ಇಲ್ಲಿ ಬೀದಿದೀಪವಿಲ್ಲ, ಆ ಜಾಗ ಹಾಲಿನಂತೆ ತಿಳಿಯಾಗಿತ್ತು. ಆದರೂ ನಾನು ಹೈದರಾಬಾದಿನ ಅಭ್ಯಾಸದಂತೆ ಅದನ್ನು ತಿರುಗಿಯೂ ನೋಡದೆ ದಾಟಿಬಿಟ್ಟಿದ್ದೆ. ಹದಿನಾರು ಸಾವಿರ ಕಿಲೋಮೀಟರ್ ದಾಟಿ ಬಂದರೂ ಆ ದೀಪಗಳು ನನ್ನ ಕಣ್ಣೊಳಗೇ ಉರಿಯುತ್ತಿದ್ದವು.

ಸೋಡಿಯಂ ಇಲ್ಲವೆಂದರೆ ಅದು ಮೋಡದ ಈಚೆಗಿನ ನಕ್ಷತ್ರ. ಅಂದರೆ ನನ್ನ ನಕ್ಷತ್ರವೇ ಅಲ್ಲ!

ಎದ್ದು ಓಡಿಹೋಗಿ ನಕ್ಷೆ ತಂದೆ. ಡಾನ್ ಎರ್ನಾನ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೇಲು ಕೆಳಗು ಮಾಡಿ ತಿರುಗಿಸಿ ನನ್ನ ಮುಂದಿಟ್ಟರು. ಕೆಂಪು ಬಾಣ ಎಡಗಡೆಗೆ ಬಂತು. ತಲೆಕೆಳಗಾದ ಮಹಾವ್ಯಾಧನನ್ನು ನೋಡಿ ನಕ್ಕವಳು, ಅರ್ಧ ತಾಸಿನ ಮೇಲೆ ಅದೇ ಆಕಾಶದಲ್ಲಿ ಬಲಗಡೆ ಎಂದು ಬೆರಳು ತೋರಿಸಿದ್ದೆ.

ಡಾನ್ ಎರ್ನಾನ್ ಸಮಾಧಾನ ಹೇಳಿದರು. ಉತ್ತರದಿಂದ ಬರುವವರೆಲ್ಲ ಒಮ್ಮೆಯಾದರೂ ಹೀಗೆ ಮಾಡುತ್ತಾರಂತೆ, ಎಷ್ಟೋ ದೊಡ್ಡವರು ಊರಿಗೆ ಹೋದ ಮೇಲೆ ಪತ್ರ ಬರೆದು ಕೇಳುತ್ತಾರಂತೆ. ‘ನೀವು ಒಂದೇ ದಿನದಲ್ಲಿ ಕಂಡುಹಿಡಿದಿರಿ ಪೊ’ ಎಂದರು. ಕಂಡುಹಿಡಿದದ್ದು ನಾನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಅವರು ಗಾಬರಿಯಾಗಿ ಟೊಪ್ಪಿಗೆ ತೆಗೆದರು.

ಎರಡನೇ ರಾತ್ರಿ

ಈಗ ಉಳಿದದ್ದು ಒಂದೇ ರಾತ್ರಿ. ಸಂಜೆಯಾಗುತ್ತಲೇ ಗಾಳಿ ಎದ್ದಿತು. ಅಷ್ಟು ಗಾಳಿಗೆ ಗುಮ್ಮಟದ ಬಾಗಿಲು ತೆರೆಯುವಂತಿಲ್ಲ. ನಾನು ಗಾಳಿಯ ವೇಗ ತೋರಿಸುವ ಮುಳ್ಳಿನ ಮುಂದೆ ಕೂತು ಅದನ್ನು ಗದರಿಸಿದೆ, ಬೇಡಿಕೊಂಡೆ, ತೆಲುಗಿನಲ್ಲಿ ಬೈದೆ. ಸ್ಯಾಂಟಿಯಾಗೊದ ಕಸದ ಬುಟ್ಟಿಯಲ್ಲಿದ್ದ ನಿಂಬೆಹಣ್ಣು ನೆನಪಾಯಿತು. ವಿಜ್ಞಾನಿಯಾಗಿ ಇದನ್ನು ಬರೆಯಬಾರದು, ಆದರೆ ಆ ಹೊತ್ತಿಗೆ ಅದು ಕೈಚೀಲದಲ್ಲಿ ಇರಬೇಕಿತ್ತು ಅನ್ನಿಸಿದ್ದು ನಿಜ.

ಮಹಾವ್ಯಾಧ ಪಶ್ಚಿಮಕ್ಕೆ ಇಳಿಯುತ್ತಿದ್ದಾಗ ಮುಳ್ಳು ಕೆಳಗೆ ಬಂತು. ಡಾನ್ ಎರ್ನಾನ್ ಗುಮ್ಮಟ ತೆರೆದರು. ಎರಡು ತಾಸು ಕೈಯಲ್ಲಿತ್ತು. ಮೊದಲು ಎಡಗಡೆಯ ನಕ್ಷತ್ರ, ಅಂದರೆ ನನ್ನದು. ಅದು ಮುಗಿದ ಕೂಡಲೇ, ಸಮಯ ಹಾಳು ಎಂದು ಬೇರೆಯವರು ಅಂದುಕೊಳ್ಳಬಹುದಾದ ಕೆಲಸವೊಂದನ್ನು ಮಾಡಿದೆವು. ನಿನ್ನೆ ತಪ್ಪಿ ಹಿಡಿದಿದ್ದ ಬಲಗಡೆಯದನ್ನು ಬೇಕೆಂದೇ ಮತ್ತೆ ಹಿಡಿದೆವು.

ಯಾಕೆಂದರೆ ಊರಿನಲ್ಲಿ ಹೊಳೆಯದ ಒಂದು ವಿಚಾರ ಆ ಮಧ್ಯಾಹ್ನ ನನಗೆ ಹೊಳೆದಿತ್ತು. ಎರಡೂ ನಕ್ಷತ್ರಗಳು ಅಕ್ಕಪಕ್ಕ ಇವೆ. ಎರಡರ ಬೆಳಕೂ ಅದೇ ಗಾಳಿಯ ಮೂಲಕ ಬರಬೇಕು. ಒಂದು ಮೋಡದ ಆಚೆ, ಇನ್ನೊಂದು ಈಚೆ. ಗೆರೆ ಗಾಳಿಯದಾದರೆ ಎರಡರಲ್ಲೂ ಇರಬೇಕು, ಮೋಡದ್ದಾದರೆ ಒಂದರಲ್ಲಿ ಮಾತ್ರ. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಸಾವಧಾನವಾಗಿ ಕೂತು ಯೋಚಿಸಿದ್ದರೂ ನಾನು ಕಟ್ಟುತ್ತಿರಲಿಲ್ಲ.

ಬೆಳಗಾದ ಮೇಲೆ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಅಳೆದೆವು. ಈ ಸಲ ಸೋಡಿಯಂನಿಂದಲೇ ಶುರು ಮಾಡಿದೆ. ಎಡಗಡೆಯದರಲ್ಲಿ ಅದು ಬಾವಿಯಂತೆ ಆಳವಾಗಿತ್ತು. ಆಮೇಲೆ ಕೆಂಪಿನ ಕಡೆ ಮೆಲ್ಲಗೆ ಹೋದೆ. ಇತ್ತು. ತೆಳ್ಳಗೆ, ತಣ್ಣಗೆ, ನಾಲ್ಕು ವರ್ಷ ಕಾಡಿದ ಗೆರೆ ತನ್ನ ಜಾಗದಲ್ಲಿ ಇತ್ತು. ಬಲಗಡೆಯದರಲ್ಲಿ ಇರಲಿಲ್ಲ. ಊರಿನಲ್ಲಿ ಆ ಗೆರೆಯ ಜೊತೆ ನಾನು ಪಟ್ಟಿ ಮಾಡಿದ್ದ ಇನ್ನೆರಡು ಸಣ್ಣ ಗೆರೆಗಳು ಎರಡರಲ್ಲೂ ಮಾಯವಾಗಿದ್ದವು. ಅವು ನಿಜವಾಗಿಯೂ ಹೈದರಾಬಾದಿನ ನೀರಾವಿಯೇ. ಅವುಗಳ ಮುಂದೆ ನಾನೇ ಸೊನ್ನೆ ಬರೆದೆ, ಬೇಸರವಾಗಲಿಲ್ಲ.

ಚೀಟಿ ತೆರೆದೆವು. ಡಾನ್ ಎರ್ನಾನ್ ಅವರ ಅಳತೆಗೂ ನನ್ನದಕ್ಕೂ ಕೂದಲೆಳೆಯ ಅಂತರ. ಅವರು ತಮ್ಮ ಚೀಟಿಯ ಕೆಳಗೆ ಶಾಲೆಯ ಹುಡುಗನಂತೆ ದುಂಡಗೆ ಪೂರ್ತಿ ಹೆಸರು ಬರೆದು ನನಗೆ ಕೊಟ್ಟರು. ಉಳಿದ ಶೇಂಗಾ ಹಿಂಡಿಯನ್ನು ಡಬ್ಬಿಯ ಸಮೇತ ರೋಸಾ ಅವರಿಗೆಂದು ಕೊಟ್ಟುಬಂದೆ.

ಹೈದರಾಬಾದ್

ಮನೆಗೆ ಬಂದ ಕೂಡಲೇ ಅವ್ವ ಕೇಳಿದ್ದು ನಿಂಬೆಹಣ್ಣಿನ ವಿಷಯ. ‘ಏರ್‌ಪೋರ್ಟಿನ್ಯಾಗ ಕಸಗೊಂಡ್ರು’ ಎಂದೆ. ‘ಮತ್ತ? ದೃಷ್ಟಿ ಅವರಿಗೆ ಹೋತು. ಅದಕ್ಕ ನಿನ್ನ ಕೆಲಸ ಆತು’ ಎಂದು ನಿಶ್ಚಿಂತೆಯಿಂದ ಒಳಗೆ ಹೋದಳು. ಸುಜಾತಾ ಆಂಟಿ ಅಮೆರಿಕ ಆಯಿತೇ ಎಂದು ಕೇಳಿದರು. ಇಲ್ಲವೆಂದೆ. ನಾಂಪಲ್ಲಿಯಲ್ಲಿ ನುಮಾಯಿಷ್ ವಸ್ತುಪ್ರದರ್ಶನ ಶುರುವಾಗಿದೆ, ಸಂಜೆ ನಡಿ, ಮನಸ್ಸು ಹಗುರಾಗುತ್ತದೆ ಎಂದರು.

ನಾನು ಹೋದದ್ದು ಸರ್ ಕೋಣೆಗೆ. ಚೀಟಿಗಳನ್ನು, ರೋಹಿತದ ಹಾಳೆಗಳನ್ನು ಅವರ ಮೇಜಿನ ಮೇಲೆ ಹರಡಿದೆ. ತಪ್ಪು ನಕ್ಷತ್ರ ಹಿಡಿದದ್ದು, ಅತ್ತದ್ದು, ಡಾನ್ ಎರ್ನಾನ್ ಕೇಳಿದ ಪ್ರಶ್ನೆ, ಒಂದನ್ನೂ ಮುಚ್ಚಿಡದೆ ಹೇಳಿದೆ. ಸರ್ ಕನ್ನಡಕ ಹಣೆಗೇರಿಸಿ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಕಬ್ಬಿಣದ ಕಪಾಟು ತೆರೆದು, ಕೆಳಗಿನ ಅರೆಯಿಂದ ರಟ್ಟು ಕಿತ್ತ ಒಂದು ನೋಟುಬುಕ್ ತೆಗೆದು ನನ್ನ ಮುಂದಿಟ್ಟರು.

ಪುಟ ಹಳದಿಯಾಗಿತ್ತು. ಗಾಜಿನ ಫಲಕಗಳ ಮೇಲೆ ರೋಹಿತದ ಫೋಟೋ ತೆಗೆದು, ಕಣ್ಣಿನಿಂದ ನೋಡಿ ಅಳೆಯುತ್ತಿದ್ದ ಕಾಲದ್ದು. ಸರ್ ಅವರದೇ ಅಕ್ಷರ, ಈಗಿನದಕ್ಕಿಂತ ಸಣ್ಣದು. ಅದೇ ನಕ್ಷತ್ರ. ಅದೇ ಜಾಗದಲ್ಲಿ ಒಂದು ತೆಳು ಗೆರೆ, ಅದರ ಅಳತೆ. ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

‘ನಾನೂ ನೋಡಿದ್ನಿರಿ, ನಿಮ್ಮ ವಯಸ್ಸಿನ್ಯಾಗ’ ಎಂದರು. ‘ಒಂದು ದೊಡ್ಡ ಸಭಾದಾಗ ಹೇಳಿದ್ನಿ. ಹೈದರಾಬಾದಿನ ಹವಾ ಅಳದು ಬಂದೀರಿ ಅಂತ ಮಂದಿ ಎಲ್ಲಾ ನಕ್ಕರು. ಆಮ್ಯಾಲ ನನಗೂ ಹಂಗ ಅನಸಾಕತ್ತಿತು. ಬಿಟ್ಟುಬಿಟ್ನಿ.’

ನನಗೆ ಸಿಟ್ಟು ಬಂತು, ಅಳುವೂ ಬಂತು. ‘ನಾಕು ವರ್ಷ ನನ್ನ ಗೆರಿ ಮುಂದ ಪ್ರಶ್ನಿ ಹಾಕಿಕೋತ ಕುಂತ್ರಿ. ಒಂದ ದಿನರ ಹೇಳಬಾರದಾಗಿತ್ತೇನ್ರಿ ಸರ್?’

‘ಹೇಳಿದ್ರ ನೀವು ಗೆರಿ ಅಳೀತಿದ್ದಿಲ್ಲರಿ. ನನ್ನ ಆಸೆ ಅಳೀತಿದ್ರಿ’ ಎಂದರು. ‘ನನ್ನ ಚೀಟಿ ಮೊದಲ ಬರದು ಮಡಚಿ ಇಟ್ಟಿದ್ನಿ. ಒಣ ಹವಾದಾಗ ಅಳದ ನಿಮ್ಮದು ಮ್ಯಾಜಿನ ಮ್ಯಾಲ ಬರೂತನಕ ತಗಿಯೂ ಹಂಗಿರಲಿಲ್ಲ.’

ಮೂರು ಅಳತೆಗಳನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿದೆವು. ಸರ್ ಅವರದು ಕಣ್ಣಳತೆಯಾದ್ದರಿಂದ ಸ್ವಲ್ಪ ದೊಡ್ಡದು, ಆದರೂ ಹತ್ತಿರವೇ. ಅವರು ಡ್ರಾಯರಿನಿಂದ ರಬ್ಬರ್ ತೆಗೆದು ನನ್ನ ಕಡೆ ಚಾಚಿದರು. ನನ್ನ ನೋಟುಬುಕ್ಕಿನ ಚಿಹ್ನೆಯನ್ನು ಒರೆಸಿದೆ. ಆಮೇಲೆ ಅವರ ಹಳದಿ ಪುಟವನ್ನು ಅವರ ಕಡೆ ತಿರುಗಿಸಿ, ರಬ್ಬರನ್ನು ಅವರ ಕೈಗೆ ಕೊಟ್ಟೆ. ಅಷ್ಟು ಹಳೆಯ ಪೆನ್ಸಿಲು ಸುಲಭಕ್ಕೆ ಹೋಗಲಿಲ್ಲ. ಸರ್ ಕಾಗದ ಹರಿಯದಂತೆ ಒಂದು ಕೈಯಿಂದ ಒತ್ತಿ ಹಿಡಿದು, ಮೆಲ್ಲಗೆ ತಿಕ್ಕಿ ತಿಕ್ಕಿ ಒರೆಸಿ, ರಬ್ಬರಿನ ಪುಡಿಯನ್ನು ಬಾಯಿಂದ ಊದಿದರು.